ಕಿವಿಯಣ್ಣನಿಗೆ ಕೇಳಿಸದ ಫ್ರಿಜ್ಜು

ಆ ಬೀದಿಯವರು ಫ್ರಿಜ್ ರಿಪೇರಿಯವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಕಿವಿಗಳೇನೂ ಮೊರದಗಲ ಇರಲಿಲ್ಲ. ಹೆಸರು ಬಂದದ್ದು ಕೆಲಸದ ರೀತಿಯಿಂದ. ಬೇರೆಯವರು ಮನೆಗೆ ಕಾಲಿಟ್ಟ ಕೂಡಲೇ ಹಿಂಬದಿಯ ತಗಡು ಬಿಚ್ಚಿ ಹರಡಿಕೊಂಡು ಕೂತರೆ, ಇವನು ಮೊದಲು ಮನೆಮಂದಿಯ ಬಾಯಿ ಮುಚ್ಚಿಸುತ್ತಿದ್ದ. ಟಿವಿ ಆರಿಸಬೇಕು, ಫ್ಯಾನ್ ನಿಲ್ಲಿಸಬೇಕು, ನಲ್ಲಿ ತೊಟ್ಟಿಕ್ಕಬಾರದು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದ. ಇದು ಹೀಗೆ ಗುರ್ ಅನ್ನುತ್ತೆ ಎಂದು ಯಾರಾದರೂ ತೋರಿಸಲು ಹೋದರೆ ಕೈಯೆತ್ತಿ ತಡೆಯುತ್ತಿದ್ದ.

"ನೀವು ಹೇಳ್ಬೇಡಿ. ಅದೇ ಹೇಳ್ಲಿ."

ಅದು ಹೇಳುತ್ತಲೂ ಇತ್ತು. ಗುಂಯ್ ಎಂದು ನಡುಗಿದರೆ ಕಂಪ್ರೆಸರಿನ ಕೆಳಗಿನ ರಬ್ಬರು ಸವೆದಿದೆ. ಟಕಟಕ ಎಂದರೆ ಹಿಂದಿನ ಕೊಳವೆ ತಗಡಿಗೆ ಬಡಿಯುತ್ತಿದೆ. ಮೇಲಿನಿಂದ ಕೀಂಯ್ ಎಂದರೆ ಫ್ರೀಜರಿನೊಳಗಿನ ಫ್ಯಾನು. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು, ಕಲಿತವರೂ ಇದ್ದರು. ಹೆಂಡತಿಯ ತಮ್ಮನಿಗೆ ಇವನೇ ಕಲಿಸಿ, ಸೇತುವೆಯಾಚೆ ಅಂಗಡಿ ಇಡಿಸಿದ್ದ. ಆದರೂ ಜನ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅದರಿಂದ ಇವನಿಗೆ ಜಂಬ ಬಂದಿದ್ದರೆ ತಪ್ಪೇನಿಲ್ಲ. ಅಂಗಡಿ ನಡೆಯುತ್ತಿದ್ದುದೇ ಆ ಜಂಬದ ಮೇಲೆ.

ಒಂದು ದಿನ ಟೈಲರಮ್ಮನ ಮನೆಯಿಂದ ಕರೆ ಬಂತು. ಗಂಡ ಹೋದ ಮೇಲೆ ಮನೆಯಲ್ಲೇ ಬಟ್ಟೆ ಹೊಲಿದು ಬದುಕುವ ಹೆಂಗಸು. ಇರುವುದೇ ಒಂದು ಕೋಣೆ, ಒಂದು ಅಡುಗೆಮನೆ. ಫ್ರಿಜ್ಜಿಗೆ ಅಡುಗೆಮನೆಯಲ್ಲಿ ಜಾಗ ಸಾಲದೆ ಅದು ಹೊಲಿಗೆ ಯಂತ್ರದ ಪಕ್ಕದಲ್ಲೇ ನಿಂತಿತ್ತು. ಸದ್ದಿಗೆ ತಲೆ ಚಿಟ್ಟು ಹಿಡಿದು ಹೋಗಿದೆ, ಅಳತೆ ತಪ್ಪಿ ಎರಡು ರವಿಕೆ ಕೆಡಿಸಿದ್ದೇನೆ ಎಂದು ಆಕೆ ಬಾಗಿಲಲ್ಲೇ ಹೇಳಿದಳು.

"ಬಾಗಿಲು ತೆಗೆದ್ರೆ ಮಾತ್ರ..." ಎಂದು ಮುಂದುವರಿಸಿದಾಗ ಕಿವಿಯಣ್ಣ ಎಂದಿನಂತೆ ಕೈಯೆತ್ತಿದ. ಆಕೆ ಮಾತು ನಿಲ್ಲಿಸಿ ಯಂತ್ರದ ಮುಂದೆ ಕೂತಳು.

ಕಂಪ್ರೆಸರು ಹದವಾಗಿ ಗುನುಗುತ್ತಿತ್ತು. ಕೊಳವೆಗಳು ನೆಟ್ಟಗಿದ್ದವು. ಫ್ರೀಜರಿನ ಬಾಗಿಲು ತೆಗೆದು, ಬಾಗಿಲು ಮುಚ್ಚಿದಾಗ ಒತ್ತಿಕೊಳ್ಳುವ ಅಂಚಿನ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಫ್ಯಾನು ಓಡುವಂತೆ ಮಾಡಿ ತಲೆಯನ್ನೇ ಒಳಗೆ ತೂರಿಸಿದ. ತಣ್ಣನೆಯ ಗಾಳಿ ಕೆನ್ನೆಗೆ ಬಡಿಯಿತು. ಅಷ್ಟೇ. ಕೊನೆಗೆ ಫ್ರಿಜ್ಜಿನ ಕಾಲು ತಿರುಗಿಸಿ ಮಟ್ಟ ಮಾಡಿ, ಕೈ ಒರೆಸಿಕೊಂಡ.

"ನೆಲ ಏರುಪೇರಿತ್ತು ಅಮ್ಮಾ. ಈಗ ಸರಿಹೋಯ್ತು."

"ಎಲ್ಲಿ ಸರಿಹೋಯ್ತು ಅಣ್ಣಾ? ಈಗಲೂ ಕಿರುಚ್ತಾ ಇದೆಯಲ್ಲ!"

"ಹಳೇ ಫ್ರಿಜ್ಜು. ಅಷ್ಟು ಉಸಿರಾಡದೆ ಇರುತ್ತಾ?"

ಆಕೆ ಅವನ ಮುಖವನ್ನೇ ನೋಡಿದಳು. "ನಿಮಗೆ ಕೇಳಿಸ್ತಿಲ್ವಾ?"

ಕಿವಿಯಣ್ಣ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ದಾರಿಯುದ್ದಕ್ಕೂ ಒಳಗೊಳಗೇ ಕುದಿಯುತ್ತಿದ್ದ. ಸಂಜೆ ಊಟದ ಮೇಜಿನ ಮುಂದೆ ಕೂತವನು ಹೆಂಡತಿಯ ಮುಂದೆ ಅದನ್ನೆಲ್ಲ ಕಕ್ಕಿದ.

"ಇಷ್ಟು ವರ್ಷ ಈ ಕೆಲಸ ಮಾಡಿದೀನಿ, ನನ್ನ ಕಿವೀನೇ ಸರಿಯಿಲ್ಲ ಅನ್ನೋ ಹಾಗೆ ಮಾತಾಡ್ತಾಳೆ. ಇಲ್ಲದ ಸದ್ದು ಕೇಳಿಸಿಕೊಳ್ಳೋಳು ಅವಳು!"

ಹೆಂಡತಿ ಯಾವಾಗಲೂ ಗಂಡನ ಪರ ವಹಿಸುವವಳು. ಗಿರಾಕಿಗಳನ್ನು ಬೈಯುವುದರಲ್ಲಿ ಅವನಿಗಿಂತ ಒಂದು ಕೈ ಮೇಲು. ಅವತ್ತು ಮಾತ್ರ ಬೈಯಲಿಲ್ಲ. ಪಾತ್ರೆಯ ಮುಚ್ಚಳವನ್ನು ತೆಗೆದು, ಮತ್ತೆ ಮುಚ್ಚಿ, ಕೊನೆಗೆ ಅಂದಳು:

"ನಮ್ಮ ಫ್ರಿಜ್ಜೂ ಹಾಗೇ ಕಿರುಚ್ತಿತ್ತು ರೀ. ಬೇಸಿಗೇಲಿ."

"ಯಾವ ಫ್ರಿಜ್ಜು?"

"ಇದೇ. ನಿಮ್ಮ ಬೆನ್ನ ಹಿಂದಿರೋದು. ನೀವು ದಿನಾ ಇಲ್ಲೇ ಕೂತು ಊಟ ಮಾಡ್ತಿದ್ರಿ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ನೀವು ಹೇಳಲೇ ಇಲ್ಲ."

"ಮತ್ತೆ ಈಗ?"

"ನೀವಿಲ್ಲದಾಗ ತಮ್ಮ ಬಂದು ಫ್ಯಾನ್ ಬದಲಾಯಿಸಿ ಹೋದ."

ಕಿವಿಯಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ. ಫ್ರಿಜ್ ರಿಪೇರಿಯವನ ಮನೆಯ ಫ್ರಿಜ್ಜನ್ನು ಭಾಮೈದ ಕದ್ದುಮುಚ್ಚಿ ರಿಪೇರಿ ಮಾಡಿ ಹೋಗಿದ್ದಾನೆ! ನಗುವವರಿಗೆ ಇದಕ್ಕಿಂತ ಬೇಕೇ? ಆದರೆ ಅವನಿಗೆ ಬಂದದ್ದು ಸಿಟ್ಟಲ್ಲ, ಭಯ. ಕಿವಿ ಹೋಯಿತೆಂದರೆ ಈ ಕಸುಬೇ ಹೋದಂತೆ. ಬೇರೆ ಕಸುಬು ಅವನು ಕಲಿತಿರಲಿಲ್ಲ.

"ನನಗೆ ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಮೂಲೆ ಹಿಡೀತಿದ್ರಿ. ನನಗೆ ಗೊತ್ತಿಲ್ವಾ ನಿಮ್ಮ ಬುದ್ಧಿ?"

ಆಮೇಲೆ ಅವನು ತಟ್ಟೆಯನ್ನೇ ನೋಡುತ್ತಾ, "ಹೇಗಿತ್ತು ಸದ್ದು?" ಎಂದು ಕೇಳಿದ. ಅವಳಿಗೆ ನಾಚಿಕೆಯಾಯಿತು. ಅವನು ಬಿಡಲಿಲ್ಲ. ಕೊನೆಗೆ ಅವಳು ಮೂಗು ಸೊಟ್ಟ ಮಾಡಿಕೊಂಡು ಕೀಂಯ್, ಕೀಂಯ್ ಎಂದು ಎಳೆದು, ನಡುವೆ ಒಮ್ಮೆ ಟರ್ರ್ ಎಂದಳು. ಕಿವಿಯಣ್ಣ ತಲೆಯೆತ್ತಿದ.

"ಟರ್ರ್ ಅನ್ನೋದು ಆಗಾಗ ಬರ್ತಿತ್ತಾ, ಬಿಡದೇ ಬರ್ತಿತ್ತಾ?"

"ಆಗಾಗ."

"ಹಾಗಿದ್ರೆ ಮೊದಲು ಫ್ಯಾನಿಗೆ ಮಂಜುಗಡ್ಡೆ ತಾಗ್ತಿದ್ಯಾ ಅಂತ ನೋಡ್ಬೇಕಿತ್ತು. ಫ್ಯಾನ್ ಯಾಕೆ ಬದಲಾಯಿಸ್ದ, ಕತ್ತೆ!"

ಮರುದಿನ ಬೆಳಿಗ್ಗೆ ಅವನು ತಾನಾಗಿಯೇ ಟೈಲರಮ್ಮನ ಬಾಗಿಲು ತಟ್ಟಿದ. ಒಳಗೆ ಬಂದವನು ಚೀಲ ಇಳಿಸಲಿಲ್ಲ.

"ನನಗೆ ಕೀಂಯ್ ಅನ್ನೋ ಸಣ್ಣ ಸದ್ದು ಕೇಳಿಸೋಲ್ಲ ಅಮ್ಮಾ. ನಿನ್ನೆ ನೀವು ಹೇಳಿದ್ದೇ ನಿಜ. ಇನ್ನೊಬ್ಬರನ್ನ ಕರೆಸ್ಕೊಳ್ತೀರೋ, ಇಲ್ಲಾ ಅದು ಹೇಗೆ ಕಿರುಚುತ್ತೆ ಅಂತ ನನಗೆ ಮಾಡಿ ತೋರಿಸ್ತೀರೋ?"

ಟೈಲರಮ್ಮ ಕತ್ತರಿಯನ್ನು ಬಟ್ಟೆಯ ಮೇಲಿಟ್ಟಳು. ಆ ಕ್ಷಣ ಆಕೆ ಬಾಗಿಲು ತೋರಿಸಿದ್ದರೆ ಅವನು ಮರುಮಾತಿಲ್ಲದೆ ಹೋಗುತ್ತಿದ್ದ. ಆಕೆ ಹಾಗೆ ಮಾಡಲಿಲ್ಲ. ಕಿಟಕಿ ಮುಚ್ಚಿ ಬಂದು, ಗಂಟಲು ಸರಿಮಾಡಿಕೊಂಡು, ನೆರೆಯವರ ಭಯ ಬಿಟ್ಟು ಫ್ರಿಜ್ಜಿನ ಹಾಗೆ ಕೀಂಯ್ ಎಂದು ಕಿರುಚಿ, ನಡುನಡುವೆ ಟರ್ರ್ ಎಂದಳು. ಬಾಗಿಲು ತೆಗೆದರೆ ನಿಲ್ಲುತ್ತದೆ ಎಂಬ ಹಿಂದಿನ ದಿನದ ಅರ್ಧ ಮಾತನ್ನೂ ಪೂರ್ತಿ ಮಾಡಿದಳು.

ಅವನು ಫ್ರೀಜರಿನ ಒಳಗಿನ ತಗಡು ಬಿಚ್ಚಿದ. ನೀರು ಇಳಿದು ಹೋಗುವ ತೂತು ಕಟ್ಟಿಕೊಂಡು, ಮಂಜುಗಡ್ಡೆ ಫ್ಯಾನಿನ ಎಲೆಗಳವರೆಗೂ ಬೆಳೆದಿತ್ತು. ಫ್ರಿಜ್ಜಿನ ಪ್ಲಗ್ ಕಿತ್ತು, ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಅದನ್ನು ಕರಗಿಸಿದ, ತೂತು ಬಿಡಿಸಿದ, ಎಲ್ಲವನ್ನೂ ಒರೆಸಿ ತಗಡು ಮತ್ತೆ ಕೂರಿಸಿ ಪ್ಲಗ್ ಹಾಕಿದ. ಇಷ್ಟು ವರ್ಷ ಆ ಕ್ಷಣದಲ್ಲಿ "ಆಯ್ತು" ಎನ್ನುತ್ತಿದ್ದವನು ಅವನೇ. ಈಗ ಗೋಡೆಗೆ ಒರಗಿ ಆಕೆಯ ಮುಖ ನೋಡುತ್ತಾ ನಿಂತ.

ಟೈಲರಮ್ಮ ತಲೆ ವಾಲಿಸಿ ಕೇಳಿಸಿಕೊಂಡಳು. ಏನೂ ಅವಸರ ಮಾಡಲಿಲ್ಲ.

"ಟರ್ರ್ ಅನ್ನೋದು ಹೋಯ್ತು ಅಣ್ಣಾ. ಕೀಂಯ್ ಇನ್ನೂ ಸ್ವಲ್ಪ ಇದೆ."

ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಹಾಗಿದ್ದೂ ಮಂಡಿಯೂರಿ ಮತ್ತೆ ಪ್ಲಗ್ ಕಿತ್ತು, "ಸರಿ ಅಮ್ಮಾ, ಇನ್ನೊಮ್ಮೆ ಬಿಚ್ತೀನಿ" ಅಂದ.