ಕಾಲು ಕಾಯಬಾರದು

ಕೊಳ್ಳೇಗಾಲದಲ್ಲಿ ಮಗ್ಗದ ಮುಂದೆ ಕೂತವಳನ್ನ ಬೈಯೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸೀರೇಲಿ ಒಂದು ಎಳೆ ತಪ್ಪಿದ್ರೆ ತಪ್ಪು ನೇಯೋಳದ್ದೇ. ರೇಷ್ಮೆ ಕೊಟ್ಟೋನು ಸಾಚಾ, ಯಂತ್ರ ಮಾಡಿದೋನು ಸಾಚಾ, ಮಧ್ಯದಲ್ಲಿ ಪುಷ್ಪ ಅನ್ನೋ ನಾನೊಬ್ಬಳೇ ಕೆಟ್ಟೋಳು. ಇದನ್ನ ಒಪ್ಪದೇ ಇದ್ದ ಹುಡುಗಿ ಒಬ್ಬಳಿದ್ದಾಳೆ, ಬಂಡಳ್ಳಿ ರಾಣಿ. ಅವಳ ವಿಷಯ ಹೇಳ್ತೀನಿ. ನನ್ನ ಬಾಯಿ ಸ್ವಲ್ಪ ಜೋರು, ಸಹಿಸ್ಕೊಳ್ಳಿ.

ನಂದು ಕೈಮಗ್ಗ. ಆದ್ರೆ ಅದರ ನೆತ್ತಿ ಮೇಲೆ ಒಂದು ಕಂಪ್ಯೂಟರ್ ಡಬ್ಬ ಕೂರಿಸಿದ್ದಾರೆ. ಮೊದಲು ರಟ್ಟಿಗೆ ತೂತು ಹೊಡೆದು ಡಿಸೈನ್ ಕಟ್ತಿದ್ವಿ, ಈಗ ಆ ಕೆಲಸ ಡಬ್ಬದ್ದು. ನಾನು ಕಾಲಲ್ಲಿ ಪೆಡಲು ತುಳಿದ ಕೂಡಲೇ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಉಳೀಬೇಕು ಅಂತ ಅದು ಹೇಳ್ಬೇಕು. ಎಳೆ ಎದ್ದ ಸಂದೀಲಿ ನಾನು ಲಾಳಿ ಹೊಡೀತೀನಿ. ಡಬ್ಬ ಚೂರು ತಡ ಮಾಡಿದ್ರೂ ತಪ್ಪು ಎಳೆ ಏಳುತ್ತೆ, ಹೂವಿನ ದಳ ಇಲಿ ಕಡಿದ ಹಂಗೆ ಕಾಣುತ್ತೆ.

ಡಿಸೈನೂ ನಂದೇ. ನನ್ನ ತವರು ಯಳಂದೂರು. ಚಿಕ್ಕೋಳಿದ್ದಾಗ ಅವ್ವನ ಜೊತೆ ಬೆಟ್ಟಕ್ಕೆ ಹೋದಾಗ ನೋಡಿದ ಸಂಪಿಗೆ ಹೂವನ್ನ ನಾನೇ ಬಿಡಿಸಿ, ಸೆರಗಿಗೆ ಕೂರಿಸಿದ್ದೆ. ಅದಕ್ಕೂ ಮುಂಚೆ ಒಂದು ಬಳ್ಳಿ ಬಿಡಿಸಿದ್ದೆ. ನಮಗೆ ರೇಷ್ಮೆ ಕೊಟ್ಟು ಸೀರೆ ಕೊಳ್ಳೋ ಗೋವಿಂದಯ್ಯ ಅದನ್ನ ಪೆನ್‌ಡ್ರೈವಿಗೆ ಹಾಕ್ಕೊಂಡು ಹೋಗಿ ಊರಾಚೆ ಪವರ್‌ಲೂಮಿಗೆ ಕೊಟ್ಟ. ನನ್ನ ಬಳ್ಳಿ ಸಿಕ್ಕಸಿಕ್ಕೋರ ಮೈಮೇಲೆ ಹಬ್ಬಿಕೊಳ್ತು, ನಂಗೆ ಮೂರು ಕಾಸೂ ಬರ್ಲಿಲ್ಲ, ಹೆಸರೂ ಬರ್ಲಿಲ್ಲ. ಹೊಟ್ಟೆ ಉರಿದುಹೋಯ್ತು ಕಣ್ರಿ. ಅದಕ್ಕೇ ಸಂಪಿಗೆಗೆ ಬೀಗ ಹಾಕಿಸ್ದೆ. ಡಿಸೈನನ್ನ ಯಾರಿಗೂ ಓದೋಕಾಗದ ಹಾಗೆ ಕಲಸಿ ಇಡ್ತಾರೆ, ನನ್ನ ಡಬ್ಬ ಮಾತ್ರ ಒಂದೊಂದು ಹೂವು ಬಂದಾಗ ಅದರ ಬೀಗ ತೆಗೆದು ಓದುತ್ತೆ. ಎನ್‌ಕ್ರಿಪ್ಶನ್ ಅಂತ ಅದಕ್ಕೆ.

ಬೀಗ ಬಿತ್ತು, ದಳ ಹರಿಯೋಕೆ ಶುರುವಾಯ್ತು. ಎಲ್ಲ ಹೂವಲ್ಲೂ ಅಲ್ಲ, ಅಲ್ಲೊಂದು ಇಲ್ಲೊಂದು.

"ನಿನ್ ಕಾಲಿಗೆ ಬಿರ್ರನೆ ಓಗೋ ಚಾಳಿ ಕಣಮ್ಮ," ಅಂದ ಗೋವಿಂದಯ್ಯ. "ಇಲ್ಲಾ ಕಾಲು ನಿಧಾನ ಮಾಡು, ಇಲ್ಲಾ ಬೀಗ ತೆಗ್ಸು. ಮುಂದಿನ ಸೀರೇಲೂ ಇಂಗೇ ಆದ್ರೆ ಡಿಸೈನ್ ನನ್ ಕೈಗೆ ಕೊಟ್ಬುಡು, ಬ್ಯಾರೆ ಕಡೆ ನೇಯ್ಸ್ಕತೀನಿ."

ಕಾಲು ನಿಧಾನ ಮಾಡಿದ್ರೆ ನನ್ನ ಹೊಟ್ಟೆ ತುಂಬಲ್ಲ. ಬೀಗ ತೆಗೆಸಿದ್ರೆ ನನ್ನ ಸಂಪಿಗೆ ಹೋಯ್ತು. ಎರಡಕ್ಕೂ ಒಲ್ಲೆ ಅಂದೆ. ಡಬ್ಬ ಮಾಡೋ ಕಂಪನಿಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದೆ. ಮಾರನೇ ದಿನ ಬೆಳಗ್ಗೆ ಹನೂರು ಬಸ್ಸಿಂದ ಇಳಿದು ಬಂದೋಳೇ ರಾಣಿ.

ಬ್ಯಾಗಲ್ಲಿ ಲ್ಯಾಪ್‌ಟಾಪು, ಜೊತೆಗೆ ಒಂದು ಪೊಟ್ಟಣ ಹುರಿಗಡಲೆ. ಕುರ್ಚಿ ಕೊಟ್ರೆ ಕೂರ್ಲಿಲ್ಲ, ಹೊಸ್ತಿಲ ಮೇಲೆ ಕೂತಳು. ಓದುವಾಗ ಅವಳ ಮೇಷ್ಟ್ರೊಬ್ಬರು "ಹುಡುಗೀರಿಗೆ ವೆಬ್‌ಸೈಟ್ ಮಾಡೋದು ಸಾಕು, ಕರ್ನಲ್ ಗಿರ್ನಲ್ ತಲೆನೋವು ಬೇಡ" ಅಂದಿದ್ರಂತೆ. ಅವತ್ತಿಂದ ಇವಳು ಕಂಪ್ಯೂಟರಿನ ಹೊಟ್ಟೆಯೊಳಗಿನ ಆ ಕರ್ನಲ್ಲನ್ನೇ ಹಿಡ್ಕೊಂಡಿದ್ದಾಳೆ. ಬೇಡ ಅಂದದ್ದನ್ನೇ ಮಾಡೋದು ಅವಳ ಹುಟ್ಟುಗುಣ. ಮನೇಲಿ ಅವರಪ್ಪ ಚಿಕ್ಕಮಾದಪ್ಪ ಅವಳ ಕೈಲಿ ಏನಾದ್ರೂ ಮಾಡಿಸ್ಬೇಕು ಅಂದ್ರೆ "ಇದು ನಿನ್ ಕೈಲಾಗಲ್ಲ ಬುಡು" ಅಂತಾರಂತೆ, ಸಾಕಂತೆ.

ಅವಳು ಡಬ್ಬಕ್ಕೆ ವೈರು ಸಿಕ್ಕಿಸಿ, "ನೇಯಿ ಪುಷ್ಪಕ್ಕ," ಅಂದಳು. ನೇಯ್ದೆ. ಒಂದು ಎಳೆಯೂ ತಪ್ಪಲಿಲ್ಲ! ಮಧ್ಯಾಹ್ನದ ತನಕ ನೇಯ್ದೆ, ಹೂವುಗಳು ಅರಳಿದ ಹಾಗೇ ಬಂದ್ವು. ನಂಗೆ ನಾಚಿಕೆ, ಸಿಟ್ಟು ಎಲ್ಲ ಒಟ್ಟಿಗೆ. ರಾಣಿಯ ಸಾಹೇಬ ದೇವರಾಜ್ ಅಂತ, ಫೋನಲ್ಲಿ, "ನೋಡಿದ್ಯಲ್ಲ, ಬಾಕ್ಸ್ ಸರಿಯಾಗೇ ಇದೆ. ಆ ಯಮ್ಮನ ಕಾಲೇ ಪ್ರಾಬ್ಲಮ್ಮು. ವಾಪಸ್ ಬಾ," ಅಂದದ್ದು ನನಗೂ ಕೇಳಿಸ್ತು.

ಅಷ್ಟರಲ್ಲಿ ಗೋವಿಂದಯ್ಯ ಬಾಗಿಲಿಗೆ ಬಂದ. "ಏನಮ್ಮ, ಕಾಲಿಗೆ ಬುದ್ಧಿ ಬಂತಾ?" ಅಂದ.

ಮೈಯೆಲ್ಲ ಉರಿದುಹೋಯ್ತು. ಅವನ ಕಡೆ ತಿರುಗಿಯೂ ನೋಡಲಿಲ್ಲ, ಬಾಯಿ ಬಿಟ್ರೆ ಏನಾಗುತ್ತೋ ಅಂತ ತುಳಿಯೋಕೆ ಶುರು ಮಾಡ್ದೆ. ದಡದಡ, ದಡದಡ. ಹೊಸ ಹೂವಿನ ಮೊದಲನೇ ಸಾಲಲ್ಲೇ ದಳ ಹರೀತು. "ನೋಡ್ದಾ?" ಅಂದ ಗೋವಿಂದಯ್ಯ. ಕಣ್ಣಲ್ಲಿ ನೀರು ಬಂದು ಕಾಲು ನಿಲ್ಲಿಸೋಕೆ ಹೋದೆ.

"ನಿಲ್ಲುಸ್ಬ್ಯಾಡ ಪುಷ್ಪಕ್ಕ!" ಅಂತ ರಾಣಿ ಕಿರುಚಿದಳು. "ಇಂಗೇ ತುಳಿ! ಬೆಳಗಿಂದ ಯಾಕ ಇಂಗ್ ತುಳೀಲಿಲ್ಲ ನೀನು?"

ಯಾಕೆ ಅಂದ್ರೆ ಏನು ಹೇಳಲಿ? ಮನೆಗೆ ಬಂದೋರ ಮುಂದೆ ನಾವು ನೇಯೋದೇ ಬೇರೆ. ಅಧಿಕಾರಿ ಬರಲಿ, ಫೋಟೋದವರು ಬರಲಿ, ಬೆನ್ನು ನೆಟ್ಟಗೆ ಮಾಡಿ, ಸೆರಗು ಹೊದ್ದು, ಮೆತ್ತಗೆ ತುಳೀತೀವಿ. ನಮ್ಮತ್ತೆ ಹಂಗೇ ಕಲಿಸಿದ್ದು, ಅದು ಮರ್ಯಾದೆ. ನಾನು ಬೆಳಗಿಂದ ರಾಣಿಗೆ ಮರ್ಯಾದೆ ಕೊಡ್ತಾ ಕೂತಿದ್ದೆ, ಡಬ್ಬ ಅದನ್ನೇ ನೆವ ಮಾಡ್ಕೊಂಡು ಒಳ್ಳೇದಾಗಿ ಕೂತಿತ್ತು. ಹೇಳಿದೆ. ರಾಣಿ ಹಣೆ ಹಣೆ ಚಚ್ಚಿಕೊಂಡು ನಕ್ಕಳು.

"ನಂಗೆ ಮರ್ವಾದೆ ಬ್ಯಾಡ ಕಣಕ್ಕ, ನಿನ್ ಸಿಟ್ಟು ಬೇಕು," ಅಂದಳು. ಗೋವಿಂದಯ್ಯ ಗೊಣಗುತ್ತಾ ಹೋದ. ಅವನು ಹೋದ ಮೇಲೂ ಅವನನ್ನ ನೆನೆಸ್ಕೊಂಡು ತುಳಿದೆ.

ಸಂಜೆಗೆ ಕಳ್ಳ ಸಿಕ್ಕ. ಕರ್ನಲ್ ಅಂದ್ರೆ ಡಬ್ಬದೊಳಗಿನ ಮೇಸ್ತ್ರಿಯಂತೆ, ಯಾವ ಕೆಲಸ ಯಾವಾಗ ಅಂತ ಹೇಳೋನು. ನನ್ನ ಕಾಲಿನ ಸುದ್ದಿ ಬಂದ ಕೂಡಲೇ ಮಿಕ್ಕಿದ್ದೆಲ್ಲ ಬಿಟ್ಟು ಅದನ್ನ ನೋಡ್ಬೇಕು ಅನ್ನೋದೇ ಅವನ ಕಾಯಿದೆ. ಆದ್ರೆ ಬೀಗ ತೆಗೆಯೋ ಕೋಡ್ ಇದೆಯಲ್ಲ, ಅದು ಶುರುವಾದ್ರೆ ಮೇಸ್ತ್ರಿ ಕೈಯನ್ನೇ ಕಟ್ಟಿಹಾಕಿ, ಇಡೀ ಹೂವನ್ನ ಒಂದೇ ಉಸಿರಿಗೆ ಬಿಡಿಸಿ ಮುಗಿಸೋ ತನಕ ಯಾರನ್ನೂ ಒಳಗೆ ಬಿಡ್ತಿರಲಿಲ್ಲ. ಮೆತ್ತಗೆ ತುಳಿದ್ರೆ ಅಷ್ಟರಲ್ಲಿ ಮುಗಿದಿರೋದು. ನನ್ನ ನಿಜವಾದ ಕಾಲು ಬಂದ್ರೆ ಬಾಗಿಲಲ್ಲೇ ಕಾಯ್ತಾ ನಿಲ್ಲೋದು.

"ಬೀಗ ತೆಗ್ಯೋ ಕೆಲ್ಸವ ತುಂಡು ತುಂಡು ಮಾಡ್ತೀನಿ," ಅಂದಳು ರಾಣಿ. "ಒಂದು ತುಂಡು ಮುಗೀತಿದ್ದಂಗೆ ಮೇಸ್ತ್ರಿ ಕೈ ಬಿಚ್ಚಿ, ಕಾಲು ಬಂತಾ ಅಂತ ನೋಡ್ಬೇಕು. ಬಂದಿದ್ರೆ ಕಾಲೇ ಮೊದ್ಲು. ಆಮೇಲೆ ಮುಂದಿನ ತುಂಡು."

ದೇವರಾಜ್ ಒಪ್ಪಲಿಲ್ಲ. ಫೋನ್ ಸ್ಪೀಕರಲ್ಲಿತ್ತು, ಎಲ್ಲ ಕೇಳಿಸ್ತು. ಕರ್ನಲ್ ಮುಟ್ಟಬೇಡ ಅಂದ. ತುಂಡು ಮಾಡಿದ್ರೆ ಬೀಗ ತೆಗೆಯೋದು ನಿಧಾನ ಆಗುತ್ತೆ ಅಂದ. ಬೀಗವನ್ನೇ ಕಿತ್ತು ಬಿಸಾಕು, ಒಂದು ಕೈಮಗ್ಗಕ್ಕೆ ಇಷ್ಟು ಯಾಕೆ ಅಂದ.

"ಬೀಗ ನಿಧಾನ ಆದ್ರೆ ಆಗ್ಲಿ ಸಾ," ಅಂದಳು ರಾಣಿ. "ಕಾಲು ಕಾಯಬಾರ್ದು."

"ಕೆಲಸ ಹೋಗುತ್ತೆ ರಾಣಿ."

"ಓದ್ರೆ ಓಗ್ಲಿ ಸಾ. ಬಂಡಳ್ಳೀಲಿ ನಮ್ಮಪ್ಪಂಗೆ ಮೂರು ಎಮ್ಮೆ ಅವೆ. ಬೀಗ ಮಾತ್ರ ತೆಗ್ಯಲ್ಲ."

ಫೋನ್ ಇಟ್ಟ ಮೇಲೆ ಹುರಿಗಡಲೆ ಪೊಟ್ಟಣ ಬಿಚ್ಚೋಕಾಗದೆ ನಂಗೆ ಕೊಟ್ಟಳು. ನಾನು ಬಿಚ್ಚಿಕೊಟ್ಟೆ, ಇಬ್ಬರೂ ತಿಂದ್ವಿ.

ದಿನಾ ಬಸ್ಸಲ್ಲಿ ಬಂದಳು, ಬರೆದಳು, ಅಳಿಸಿದಳು. ಒಂದು ಸಲ ತುಂಡು ತೀರಾ ಸಣ್ಣದಾಗಿ ಬೀಗ ತೆಗೆಯೋದೇ ಮುಗೀಲಿಲ್ಲ, ಹೂವೇ ಬರಲಿಲ್ಲ. ನಾನು ಬೈದೆ. ಅವಳೂ ಬೈದಳು. ಮತ್ತೆ ಕೂತ್ವಿ.

ಮುಂದಿನ ಸೀರೆಯ ಸೆರಗು ನೇಯೋ ದಿನ ಗೋವಿಂದಯ್ಯ ಭೂತಗನ್ನಡಿ ಹಿಡ್ಕೊಂಡು ಬಂದ. ಸೆರಗು ಹೊದ್ದುಕೊಳ್ಳಲಿಲ್ಲ ನಾನು, ಸೊಂಟಕ್ಕೆ ಸಿಕ್ಕಿಸಿ ತುಳಿದೆ. ಅವನು ಬಗ್ಗಿ ಬಗ್ಗಿ ಹುಡುಕಿದ. ಒಂದು ದಳವೂ ಹರಿದಿರಲಿಲ್ಲ.

"ಬೀಗ ತೆಗ್ಸುದ್ಯಾ?" ಅಂದ.

"ಇಲ್ಲ."

"ಕಾಲು ನಿಧಾನ ಮಾಡ್ಕಂಡ್ಯಾ?"

"ಕಣ್ಣಿಲ್ವಾ ನಿಂಗೆ?"

ಅವನು ಹೊಸ್ತಿಲ ಮೇಲಿದ್ದ ರಾಣಿ ಕಡೆ ತಿರುಗಿದ. "ನಿಮ್ ಕಂಪ್ನಿಯೋರು ಬ್ಯಾಡ ಅಂದಿದ್ರಂತಲ್ಲ, ಯಾರ್ ಕೇಳಿ ಮಾಡ್ದವ್ವ ಇದ?"

ರಾಣಿ ಲ್ಯಾಪ್‌ಟಾಪಿಂದ ಕಣ್ಣೆತ್ತಲಿಲ್ಲ. "ಪುಷ್ಪಕ್ಕನ ಕಾಲ್ನ ಕೇಳ್ದೆ," ಅಂದಳು. "ನೀವ್ಯಾರೂ ಕೇಳಿರ್ಲಿಲ್ವಲ್ಲ."

ಅವನು ಇನ್ನೂ ಬಾಗಿಲಲ್ಲೇ ನಿಂತಿದ್ದ. ನಾನು ಮುಂದಿನ ಸಂಪಿಗೆಗೆ ಕಾಲು ಹಾಕಿದೆ.