ಗಟ್ಟಿಮೇಳಕ್ಕೆ ಹೋಗುವ ದಾರಿ

ಮೊನ್ನೆ ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ ಟೀ ಕುಡಿಯುತ್ತ ನಿಂತಿದ್ದೆ. ಹಸಿ ರಾಗಿ ಹುಲ್ಲು ಹೇರಿಕೊಂಡ ಗೂಡ್ಸ್ ಆಟೊ ಒಂದು ಪಕ್ಕದಲ್ಲೇ ಬಂದು ನಿಂತಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಲೋಟ ಕೈಯಿಂದ ಜಾರಿತು. “ಯಾಕ್ ಸಾರ್, ಬಿಸಿ ಜಾಸ್ತಿ ಆಯ್ತಾ?” ಅಂದ ಟೀ ಅಂಗಡಿಯವನು. ಹೌದು ಅಂದೆ. ಎಂಎಸ್ಸಿ ಮಾಡಿ, ಇಪ್ಪತ್ತು ವರ್ಷದಿಂದ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವ ಮನುಷ್ಯ ರಾಗಿ ಹುಲ್ಲಿಗೆ ಹೆದರುತ್ತಾನೆ ಎಂದು ಅವನಿಗೆ ಹೇಗೆ ಹೇಳುವುದು? ನಿಮಗಾದರೆ ಹೇಳಬಹುದು, ನೀವು ನನ್ನನ್ನು ನೋಡಿಲ್ಲ.

ಹಳೆಯ ಚಿನ್ನದ ಗಣಿಯ ಬಡಾವಣೆ ಕೋರಮಂಡಲ್‌ನಲ್ಲಿ ನಮ್ಮ ಮನೆಯ ಹಿಂದಿನ ಸಾಲಿನಲ್ಲಿ ಚೆಂಗಲರಾಯಪ್ಪನವರ ಮನೆ. ಒಂದು ಕಾಲಕ್ಕೆ ದೊಡ್ಡ ಹೆಸರಿನ ನಾಗಸ್ವರ ವಿದ್ವಾಂಸರು. ಚೆನ್ನೈ, ತಿರುಪತಿ, ಬೆಂಗಳೂರು ಎಂದು ಓಡಾಡಿ, ಅರವತ್ತಕ್ಕೆ ಸಾಕೆಂದು ನಿಲ್ಲಿಸಿದ್ದರು. ಒಂಬತ್ತು ವರ್ಷ ನಾಗಸ್ವರ ಗೋಡೆಯ ಮೊಳೆಗೆ ನೇತಾಡಿತು. ಆಮೇಲೆ ಇದ್ದಕ್ಕಿದ್ದಂತೆ ಅದು ಕೆಳಗಿಳಿಯಿತು. ಕಛೇರಿಗಲ್ಲ, ಸುತ್ತಲ ಹಳ್ಳಿಗಳ ಮದುವೆಗೆ. ಕಾಮಸಮುದ್ರದ ಕಡೆ, ಗಡಿಯ ಆಚೆಯ ತೆಲುಗು ಊರುಗಳ ಕಡೆ, ಲಗ್ನದ ತಿಂಗಳಲ್ಲಿ ಹದಿನೈದು ದಿನವಾದರೂ ತಿರುಗಾಟ. ಸೊಸೆಯ ಜೊತೆ ಜಗಳವಂತೆ ಎಂದು ಕೆಲವರು ಅಂದರು. ನಾನು ಸ್ವಲ್ಪ ಮೇಲ್ಮಟ್ಟದ ವಿವರಣೆ ಹುಡುಕಿ, “ಕಲಾವಿದರಿಗೆ ಚಪ್ಪಾಳೆ ಬೇಕೇ ಬೇಕು” ಎಂದು ಹೆಂಡತಿಗೆ ಹೇಳಿದೆ. “ಅದಕ್ಕೆ ಎಮ್ಮೆಸ್ಸಿ ಓದಬೇಕಿತ್ತಾ?” ಅಂದಳು.

ನನ್ನ ಹಳೆಯ ಓಮ್ನಿ ವ್ಯಾನಿನಿಂದಾಗಿ ನಾನೂ ಈ ತಿರುಗಾಟಕ್ಕೆ ಸಿಕ್ಕಿಕೊಂಡೆ. ರಜಾದಿನಗಳಲ್ಲಿ ನಾನೇ ಚಾಲಕ, ಶ್ರುತಿಪೆಟ್ಟಿಗೆ ಒತ್ತುವವನೂ ನಾನೇ. ಡೋಲಿಗೆ ಪಕ್ಕದ ಗಣಿ ಬಡಾವಣೆ ಮೈಸೂರು ಮೈನ್ಸ್‌ನ ಸೆಲ್ವಂ. ಅವನು ತಮಿಳಿನಲ್ಲಿ ಶುರುಮಾಡಿದ ಮಾತು ಕನ್ನಡದಲ್ಲಿ ತಿರುಗಿ ತೆಲುಗಿನಲ್ಲಿ ನಿಲ್ಲುತ್ತದೆ.

ಕಾರಣ ತಿಳಿದದ್ದು ಒಂದು ದಿನ ದಾರಿಯಲ್ಲಿ, ಕೇಳದೆಯೇ. ಮೂರು ವರ್ಷದ ಹಿಂದೆ ಚೆಂಗಲರಾಯಪ್ಪನವರು ಬಂಗಾರಪೇಟೆಯಿಂದ ಲೋಕಲ್ ರೈಲಿನಲ್ಲಿ ಬರುತ್ತಿದ್ದಾಗ ಎದುರಿನ ಸೀಟಿನ ಹೆಂಗಸು ಪಕ್ಕದವಳಿಗೆ ತನ್ನ ಮದುವೆಯ ಕಥೆ ಹೇಳುತ್ತಿದ್ದಳಂತೆ. ವಾಲಗದವರು ವೀಳ್ಯ ಹಿಡಿದಿದ್ದರು, ಬರಲಿಲ್ಲ. ತಾಳಿ ಕಟ್ಟುವಾಗ ಸೀನು, ಅಳು, ಯಾವ ಅಪಶಬ್ದವೂ ಕೇಳಿಸಬಾರದೆಂದಲ್ಲವೇ ನಮ್ಮಲ್ಲಿ ಗಟ್ಟಿಮೇಳ ಬಾರಿಸುವುದು? ಅವತ್ತು ಯಾರೋ ಹಿತ್ತಾಳೆ ತಟ್ಟೆ ಬಡಿದರು. ಬಡಿತದ ನಡುವೆ ಒಂದು ಸೀನು ಇಡೀ ಚಪ್ಪರಕ್ಕೆ ಕೇಳಿಸಿತು. ಆಮೇಲೆ ಮನೆಯಲ್ಲಿ ಹಸು ಸತ್ತರೂ, ಬೋರು ಬತ್ತಿದರೂ, ಮೊದಲ ಮಗು ಉಳಿಯದೇ ಹೋದರೂ ಅತ್ತೆಯ ಬಾಯಲ್ಲಿ ಒಂದೇ ಮಾತು: ಸೀನಿದ ತಾಳಿ.

“ಅವನ್ಯಾವನೋ ದೊಡ್ಡ ವಿದ್ವಾನ್ ಅಂತೆ ಅಕ್ಕಾ, ಮದ್ರಾಸ್‌ನೋರು ಕರೆದ್ರಂತೆ, ಓಗ್ಬಿಟ್ಟ” ಎಂದಳಂತೆ ಆ ಹೆಂಗಸು. ಹೆಸರು ರತ್ನಮ್ಮ, ಕಾಮಸಮುದ್ರದ ಆಚೆಯ ಹಳ್ಳಿಯವಳು. ಎದುರಿಗೆ ಕೂತವನೇ ಆ ವಿದ್ವಾನ್ ಎಂದು ಅವಳಿಗೆ ಗೊತ್ತಿರಲಿಲ್ಲ.

“ಇನ್ಯಾರಾದ್ರೂ ಊದ್ತಾರೆ ಅಂತ ಅಂದ್ಕಂಡಿದ್ದೆ ಮೇಷ್ಟ್ರೇ. ಒಂದು ಸೀನು ಅಷ್ಟು ದೂರ ಓಯ್ತದೆ ಅಂತ ಯಾರು ಕಂಡಿದ್ರು” ಅಂದರು ಚೆಂಗಲರಾಯಪ್ಪ. ಸೀನಿಗೂ ಬೋರಿಗೂ ಸಂಬಂಧವಿಲ್ಲ ಎಂದು ನಾನು ವಿಜ್ಞಾನ ತೆಗೆದೆ. “ಸಂಬಂಧ ಇಲ್ಲ ಅಂತ ಆಯಮ್ಮನ ಅತ್ತೆಗೆ ಯೋಳಿ” ಅಂದರು. ಆಮೇಲೆ ಮುಂದಿನ ಊರಿನವರೆಗೂ ನಾನು ಗೇರು ಬದಲಿಸುವುದರಲ್ಲೇ ಮಗ್ನನಾಗಿದ್ದೆ.

ಕಳೆದ ಕಾರ್ತಿಕದಲ್ಲಿ ರತ್ನಮ್ಮನ ಮಗಳ ಮದುವೆ ಗೊತ್ತಾಯಿತು. ವಾಲಗದವರನ್ನು ವೀಳ್ಯ ಕೊಟ್ಟು ಕರೆಯುವುದು ಪದ್ಧತಿ. ಇವರು ತಾವೇ ಎಲೆಅಡಿಕೆ ಹಿಡಿದು, ಕರೆಯಿರಿ ಎಂದು ಅವಳ ಬಾಗಿಲಿಗೆ ಹೋದರು. ತಾನು ಯಾರೆಂದೂ ಹೇಳಿದರು. ಅವಳು ಎಲೆಅಡಿಕೆ ತೆಗೆದುಕೊಂಡು, “ನಾನು ಬೇರೆಯೋರ್ನ ನೋಡಾಕಿಲ್ಲ. ಈ ಸಲ ನೀನು ಬರ್ನಿಲ್ಲಾಂದ್ರೆ ನನ್ ಮಗಳಿಗೂ ತಟ್ಟೇನೇ ಗತಿ” ಅಂದಳು.

ಮುಹೂರ್ತ ಬೆಳಿಗ್ಗೆ ಎಂಟಕ್ಕೆ. ಏಳರ ಹೊತ್ತಿಗೆ ನಾವು ಕಾಮಸಮುದ್ರ ದಾಟಿದ್ದೆವು. ತಿರುವಿನಲ್ಲಿ ಅರಣ್ಯ ಇಲಾಖೆಯ ಕಾವಲುಗಾರ ಕೋಲು ಅಡ್ಡ ಹಿಡಿದ. “ಗಾಡಿ ಆಫ್ ಮಾಡಿ. ಆನೆ ಮೂರವೆ, ಒಂದು ಮರಿ. ಸದ್ದು ಮಾಡ್ಬ್ಯಾಡಿ.” ಎಡಗಡೆಯ ಹೊಲದಲ್ಲಿ ಅವು ರಾಗಿ ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸಿ ತಿನ್ನುತ್ತಿದ್ದವು. ಕಿಟಕಿಯ ತುಂಬ ಹಸಿ ರಾಗಿಯ ವಾಸನೆ.

“ಎಷ್ಟೊತ್ತಾಯ್ತದಪ್ಪ?” ಎಂದು ಚೆಂಗಲರಾಯಪ್ಪ ಪಿಸುಗುಟ್ಟಿದರು.

“ಅವನ್ನೇ ಕೇಳ್ಬೇಕು ತಾತ.”

ಅರ್ಧ ಗಂಟೆ ಕಳೆಯಿತು. ಚೆಂಗಲರಾಯಪ್ಪ ಚಪ್ಪಲಿ ಬಿಚ್ಚಿಟ್ಟು, ನಾಗಸ್ವರ ಎತ್ತಿಕೊಂಡು, ಬಾಗಿಲು ಸರಿಸಿ ಇಳಿದರು. “ಅಣ್ಣಾ, ವೇಣಾಂ, ಬ್ಯಾಡ” ಅಂದ ಸೆಲ್ವಂ. ಅವರು ತಿರುಗಲಿಲ್ಲ. ಸೆಲ್ವಂ ನನ್ನನ್ನು ಒಮ್ಮೆ ನೋಡಿ, ಕಡ್ಡಿ ತಗುಲಿದರೂ ಸದ್ದಾಗದಂತೆ ಡೋಲಿಗೆ ಟವೆಲ್ ಸುತ್ತಿ, ಹೆಗಲಿಗೇರಿಸಿಕೊಂಡು ಹಿಂದೆ ಹೋದ. ಕಾವಲುಗಾರ ಬಾಯಿ ತೆರೆದ, ಕೂಗುವಂತಿರಲಿಲ್ಲ. ಇಬ್ಬರೂ ಬಲಗಡೆಯ ಬದುವಿನ ಮೇಲೆ ನಡೆದರು. ದೊಡ್ಡ ಆನೆ ತಿರುಗಿತು. ಕಿವಿ ಅಗಲಿಸಿ ನಾಲ್ಕು ಹೆಜ್ಜೆ ರಸ್ತೆಗೆ ಬಂತು. ಚೆಂಗಲರಾಯಪ್ಪ ನಿಂತರು. ನಾಗಸ್ವರಕ್ಕೆ ಕಟ್ಟಿದ್ದ, ಬಾಯಿಗಿಟ್ಟು ಊದುವ ಪೀಪಿಗಳ ಗೊಂಚಲು ಅಲ್ಲಾಡದಂತೆ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದು ವ್ಯಾನಿನಿಂದಲೇ ಕಾಣುತ್ತಿತ್ತು.

ನನ್ನ ಹೆಬ್ಬೆರಳು ಹಾರನ್ನಿನ ಮೇಲಿತ್ತು. ಒತ್ತಿದ್ದರೆ ಆನೆ ನನ್ನ ಕಡೆ ಬರುತ್ತಿತ್ತೋ, ಅವರ ಕಡೆ ನುಗ್ಗುತ್ತಿತ್ತೋ? ಒತ್ತದೇ ಇದ್ದದ್ದು ಜಾಣತನವಲ್ಲ, ಬೆರಳು ಅಲ್ಲಾಡಲಿಲ್ಲ ಅಷ್ಟೆ. ಈಗಲೂ ಪಾಠದ ನಡುವೆ ಆ ಬೆರಳು ಚಾಕ್‌ಪೀಸಿನ ಮೇಲೆ ಹಾಗೇ ಬಿಗಿಯುತ್ತದೆ. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ಆನೆ ರಾಗಿಗೆ ಮರಳಿತು, ಅವರು ನೀಲಗಿರಿ ತೋಪಿನಲ್ಲಿ ಮರೆಯಾದರು. ಎಂಟರ ಹೊತ್ತಿಗೆ ತೋಪಿನ ಆಚೆಯಿಂದ ಗಟ್ಟಿಮೇಳ ಕೇಳಿಸಿತು. ಕಾವಲುಗಾರ ಬೈದುಕೊಂಡ. ಆನೆಗಳು ಸದ್ದಿನಿಂದ ದೂರ, ಕೆರೆಯ ಕಡೆ ಸರಿದವು.

ನಾನು ತಲುಪಿದಾಗ ಊಟ ನಡೆಯುತ್ತಿತ್ತು. ರತ್ನಮ್ಮ ಪಾಯಸದ ಬಕೆಟ್ ಹಿಡಿದು ಚೆಂಗಲರಾಯಪ್ಪನವರ ಎಲೆಯ ಮುಂದೆ ನಿಂತಿದ್ದಳು. “ಇವತ್ತು ಆನೆ ಇದ್ರೂ ಬಂದೆ. ಅವತ್ತು ಯಾವ ಆನೆ ಅಡ್ಡ ನಿಂತಿತ್ತಪ್ಪ?” ಅಂದಳು. ಅವರು ಅನ್ನ ಬದಿಗೆ ಸರಿಸಿ ಪಾಯಸಕ್ಕೆ ಜಾಗ ಮಾಡಿದರು. ಅವಳು ಎರಡು ಸೌಟು ಬಡಿಸಿ ಮುಂದಿನ ಎಲೆಗೆ ಹೋದಳು.

ಸಾಲ ತೀರಿತು, ಇನ್ನು ಮನೆಯಲ್ಲಿ ಕೂರುತ್ತಾರೆ ಎಂದುಕೊಂಡೆ. ಕೂರಲಿಲ್ಲ. ಮುಂದಿನ ವಾರವೇ ಎರಡು ಮದುವೆ. ನಾನು ಬ್ಯಾಟರಿ ಅಂದೆ, ಕ್ಲಚ್ ಅಂದೆ, ಪರೀಕ್ಷೆ ಅಂದೆ. ಅವರಿಬ್ಬರೂ ಡೋಲು ಹೊತ್ತು ಬಸ್ಸಿನಲ್ಲಿ ಹೋದರು.

ಲೋಟ ಬೀಳಿಸಿದ ಆ ಸಂಜೆ ಅವರ ಮನೆಗೆ ಹೋಗಿ ನೇರವಾಗಿ ಕೇಳಿದೆ: ರತ್ನಮ್ಮನದು ಮುಗಿಯಿತಲ್ಲ, ಈ ವಯಸ್ಸಿನಲ್ಲಿ ಇನ್ನೂ ಯಾಕೆ?

ಅವರು ಪೀಪಿಯ ತುದಿ ಒರೆಸುತ್ತಿದ್ದರು. “ಆಯಮ್ಮ ರೈಲಲ್ಲಿ ನನ್ ಎದುರಿಗೆ ಕೂತ್ಕಂಡ್ಲು, ಅದಕ್ಕೆ ಗೊತ್ತಾಯ್ತು ಮೇಷ್ಟ್ರೇ. ಅಂಗೆ ಕೈ ಕೊಟ್ಟಿದ್ದು ಅದೊಂದೇ ಮದುವೇಗಾ? ಮಿಕ್ಕೋರು ಯಾವ ರೈಲಲ್ಲಿ ಓಡಾಡ್ತಾವ್ರೋ ನಂಗೇನು ಗೊತ್ತು.”

ಒಳಗೆ ಸೊಸೆ ಒಗ್ಗರಣೆ ಹಾಕುತ್ತಿದ್ದಳು. ಭಾನುವಾರದ ಮದುವೆಗೆ ಎಷ್ಟು ಗಂಟೆಗೆ ಹೊರಡಬೇಕು ಎಂದು ಕೇಳಿದೆ. ಐದೂವರೆಗೆ ಅಂದರು. ಯಾವ ದಾರಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.