ಮೂರನೆಯ ‘ಬೇಡ’

ತಗಡಿನ ಡಬ್ಬಿಯ ಕಿವಿಯನ್ನು ಎತ್ತಿದಾಗ ‘ಚುಸ್’ ಎಂದು ಒಂದು ಸಣ್ಣ ಸದ್ದು ಬರುತ್ತದಲ್ಲ, ಆ ಸದ್ದಿಗೂ ಒಂದು ಊರಿದೆ, ಒಂದು ಗಡಿಯಿದೆ ಎಂದು ನನಗೆ ತಿಳಿದದ್ದು ಲೀಡ್ಸಿನಿಂದ ಮ್ಯಾಂಚೆಸ್ಟರಿಗೆ ಬರುವ ಶುಕ್ರವಾರ ಸಂಜೆಯ ರೈಲಿನಲ್ಲಿ. ಹಡರ್ಸ್‌ಫೀಲ್ಡ್ ದಾಟಿದ ಮೇಲೆ ಗುಡ್ಡಗಳು ಎರಡೂ ಕಡೆಯಿಂದ ಹತ್ತಿರಕ್ಕೆ ಸರಿಯುತ್ತವೆ. ಕಪ್ಪಿಟ್ಟ ಕಲ್ಲಿನ ಮನೆಗಳು ಒಂದರ ಹೆಗಲ ಮೇಲೊಂದು ಹತ್ತಿ ನಿಂತು ನಮ್ಮನ್ನು ಬಗ್ಗಿ ನೋಡುತ್ತವೆ. ಆಮೇಲೆ ಇನ್ನು ದಾರಿಯೇ ಇಲ್ಲವೇನೋ ಎನ್ನುವಾಗ ರೈಲು ಬೆಟ್ಟದ ಹೊಟ್ಟೆಗೆ ನುಗ್ಗಿಬಿಡುತ್ತದೆ. ಹಿಂದಿನ ಕಾಲದ ಕೂಲಿಗಳು ಮದ್ದು ಸಿಡಿಸಿ, ಗುದ್ದಲಿಯಿಂದ ಕೆತ್ತಿ ತೆಗೆದ ಮೈಲಿಗಟ್ಟಲೆ ಕತ್ತಲು ಅದು. ಅಷ್ಟು ಹೊತ್ತೂ ಕಿಟಕಿಯ ಗಾಜಿನೊಳಗಿಂದ ನಮ್ಮ ಮುಖಗಳೇ ನಮ್ಮನ್ನು ದಿಟ್ಟಿಸುತ್ತವೆ. ಆ ಕಡೆಯ ಬೆಳಕಿಗೆ ಬಂದು ಬಿದ್ದ ಮೇಲೆಯೇ, ಒಂದು ಕ್ಷಣವೂ ಮೊದಲಲ್ಲ, ನಮ್ಮ ಮೇಜಿನ ಡಬ್ಬಿಗಳು ಬಾಯಿ ತೆರೆಯುತ್ತವೆ.

“ಸುರಂಗದ ಹಿಂದೆ ಬಿಟ್ಟು ಬಂದದ್ದು ಯಾರ್ಕ್‌ಷೈರ್, ದುಡಿಯೋ ಜಾಗ. ಅಲ್ಲಿ ಕುಡಿದರೆ ಮರ್ಯಾದೆಯೇ ಲವ್?” ಎಂದು ಮೊದಲ ದಿನವೇ, ಇಲ್ಲಿ ಎಲ್ಲರನ್ನೂ ಕರೆಯುವ ಹಾಗೆ ನನ್ನನ್ನೂ ‘ಲವ್’ ಎಂದು ಕರೆದು, ನನಗೆ ಈ ಕಾನೂನನ್ನು ವಿವರಿಸಿದವಳು ಮೋರೀನ್. ಕಾಲೇಜೊಂದರ ಕಚೇರಿಯಲ್ಲಿ ಕೆಲಸ, ನನಗಿಂತ ಹತ್ತು ವರ್ಷ ಹಿರಿಯಳು, ಇಳಿಯುವುದು ಸ್ಟೇಲಿಬ್ರಿಡ್ಜಿನಲ್ಲಿ. ಅವಳ ಪಕ್ಕ ವಿಮಾ ಕಂಪನಿಯ ಡೇಲ್, ಮೂವತ್ತರ ಆಸುಪಾಸು. ಎದುರಿಗೆ, ನನ್ನ ಪಕ್ಕದಲ್ಲಿ, ಲಿಫ್ಟುಗಳನ್ನು ರಿಪೇರಿ ಮಾಡುವ ಕೀತ್. ವಯಸ್ಸು ಅರವತ್ತೆರಡು. ಉಗುರಿನ ಸಂದಿಯ ಗ್ರೀಸನ್ನು ಯಾವ ಸೋಪಿಗೂ ಬಿಟ್ಟುಕೊಡದ ಕೈಗಳು.

ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳು ನಾನು. ಮುಖ್ಯ ಸಂಗತಿಯನ್ನು ಮೊದಲೇ ಹೇಳು, ಓದುಗನನ್ನು ಕಾಯಿಸಬೇಡ ಎಂದು ಬೇರೆಯವರ ಪ್ರತಿಗಳ ಮೇಲೆ ಕೆಂಪು ಶಾಯಿಯಲ್ಲಿ ಗೀಚಿದವಳು. ಆದ್ದರಿಂದ ಹೇಳಿಬಿಡುತ್ತೇನೆ. ಕೀತ್ ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಆತನ ಮಗಳು ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವಳು. ಅವಳಿಗೆ ಮೂರು ವರ್ಷದ ಮಗುವಿದೆ. ಅಪ್ಪ ಕುಡಿಯುತ್ತಿದ್ದ ಕಾಲದಲ್ಲಿ ಒಮ್ಮೆ ಮಗುವನ್ನು ಪಕ್ಕದಲ್ಲಿಟ್ಟುಕೊಂಡು ಸೋಫಾದ ಮೇಲೆ ಎಚ್ಚರವಿಲ್ಲದೆ ಬಿದ್ದಿದ್ದನ್ನು ಕಂಡವಳು, ಅಂದಿನಿಂದ ಮಗುವನ್ನು ಆತನ ಜೊತೆ ಒಂದು ನಿಮಿಷವೂ ಒಂಟಿಯಾಗಿ ಬಿಟ್ಟಿರಲಿಲ್ಲ. ನಾನು ಹೇಳಹೊರಟಿರುವ ಶುಕ್ರವಾರದ ಮಾರನೆಯ ದಿನ, ಶನಿವಾರ ಬೆಳಗ್ಗೆ, ಮೊದಲ ಬಾರಿಗೆ ಬಿಡಲು ಒಪ್ಪಿದ್ದಳು. ಒಂದು ಗುಟುಕು ಕುಡಿದರೂ ತಾನೇ ಫೋನು ಮಾಡಿ ‘ಬರುವುದಿಲ್ಲ’ ಎಂದು ಹೇಳುತ್ತೇನೆಂದು ಕೀತ್ ಮಾತು ಕೊಟ್ಟಿದ್ದ. ಇದಿಷ್ಟೂ ಈಗ ನಿಮಗೆ ಗೊತ್ತು. ಮೋರೀನಳಿಗೆ ಗೊತ್ತಿತ್ತು, ಡೇಲ್‌ಗೆ ಗೊತ್ತಿತ್ತು. ಆ ಮೇಜಿಗೆ ಬಂದು ಏಳು ವಾರವಷ್ಟೇ ಆಗಿದ್ದ ನನಗೆ ಗೊತ್ತಿರಲಿಲ್ಲ.

ರೈಲಿನಲ್ಲಿ ಕುಡಿಯುವವರನ್ನು ನಾನು ಮೊದಲು ನೋಡಿದ್ದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ವರದಿ ಹೊತ್ತು ಬರುತ್ತಿದ್ದ ದಿನಗಳಲ್ಲಿ. ಪಕ್ಕದ ಸಾಲಿನ ಮಹನೀಯರು ಕೋಲಾ ಬಾಟಲಿಯನ್ನು ಅರ್ಧ ಖಾಲಿ ಮಾಡಿ, ಉಳಿದರ್ಧಕ್ಕೆ ರಮ್ಮು ಬೆರೆಸಿ, ಟಿಕೆಟ್ ಪರೀಕ್ಷಕ ಬಂದಾಗ ಮಕ್ಕಳ ಹಾಗೆ ಕೋಲಾ ಹೀರುತ್ತ ಕೂರುತ್ತಿದ್ದರು. ಬಾಟಲಿ ಸುಳ್ಳು ಹೇಳುತ್ತಿತ್ತು, ವಾಸನೆ ನಿಜ ಹೇಳುತ್ತಿತ್ತು, ಪರೀಕ್ಷಕ ಎರಡನ್ನೂ ಕೇಳಿಸಿಕೊಂಡು ಮುಂದೆ ಹೋಗುತ್ತಿದ್ದ. ಅವರು ಶೇಂಗಾ ಸುರಿದುಕೊಂಡದ್ದು ಆ ದಿನದ ನಮ್ಮ ಪತ್ರಿಕೆಯ ಮುಖಪುಟದ ಮೇಲೆ. ನಾನು ಮೂರು ಸಲ ತಿದ್ದಿದ್ದ ಶೀರ್ಷಿಕೆ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು. ಕುಡಿತವೆಂದರೆ ಮುಚ್ಚಿಡುವುದು ಎಂದು ಹೀಗೆ ಕಲಿತು ಬಂದವಳಿಗೆ, ಇಲ್ಲಿ ಹೆಂಗಸರು ಬುತ್ತಿ ಬಿಚ್ಚಿದಷ್ಟು ಸಹಜವಾಗಿ ಜಿನ್ನಿನ ಡಬ್ಬಿ ಬಿಚ್ಚುವುದನ್ನು ನೋಡಿ ಮೊದಮೊದಲು ಕಣ್ಣು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಶನಿವಾರ ಮದುಮಗಳೊಬ್ಬಳನ್ನು ನಡುವೆ ಕೂರಿಸಿಕೊಂಡು ಗೆಳತಿಯರ ದಂಡು ಹತ್ತಿದರಂತೂ ಬೋಗಿಯೇ ಮದುವೆಮನೆ. ಪಂದ್ಯದ ದಿನ ಕೆಲವು ರೈಲುಗಳಲ್ಲಿ ಮದ್ಯ ತರಬಾರದೆಂದು ಚೀಟಿ ಅಂಟಿಸುತ್ತಾರೆ. ಅದನ್ನು ಓದಿ ಗಡವ ಗಂಡಸರು ಪ್ಲಾಟ್‌ಫಾರಮ್ಮಿನಲ್ಲೇ ನಿಂತು, ಪರೀಕ್ಷೆಗೆ ಹೊರಟ ಹುಡುಗರಂತೆ ಗಟಗಟನೆ ಮುಗಿಸುವುದನ್ನೂ ನೋಡಿದ್ದೇನೆ.

ನಾನು ಕುಡಿಯುವವಳಲ್ಲ. ಲೀಡ್ಸಿನಲ್ಲಿ ಹಳೆಯ ಪತ್ರಿಕೆಗಳ ಪಟ್ಟಿ ಮಾಡುವ ಕೆಲಸ ಮುಗಿಸಿ, ಫ್ಲಾಸ್ಕಿನ ಕಾಫಿ ಹಿಡಿದು ಅವರ ನಡುವೆ ಕೂರುತ್ತಿದ್ದೆ. ಆ ಮೇಜಿನ ಮೇಲೆ ವಾರಕ್ಕೊಬ್ಬರು ಎಲ್ಲರಿಗೂ ಡಬ್ಬಿ ತರುವ ಸರದಿ ಇತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೆ ಏಳು ವಾರ ಅವರ ಹರಟೆಯನ್ನು ಪುಕ್ಕಟೆ ತಿಂದು ಕೈ ತೊಳೆದು ಏಳುವುದು ನನಗೆ ಸರಿಕಾಣಲಿಲ್ಲ. ಎಂಟನೆಯ ಶುಕ್ರವಾರ ಸ್ಟೇಷನ್ನಿನ ಅಂಗಡಿಯಲ್ಲಿ ಮೋರೀನಳಿಗೆ ಜಿನ್, ಡೇಲ್‌ಗೆ ಬಿಯರ್ ಕೊಂಡೆ. ಕೀತ್ ಯಾವಾಗಲೂ ಒಂದು ಸಣ್ಣ ಬೆಳ್ಳಿ ಬಣ್ಣದ ಡಬ್ಬಿ ಹಿಡಿದಿರುತ್ತಿದ್ದ. ಅದು ಮದ್ಯವಿಲ್ಲದ ಬರೀ ಟಾನಿಕ್ ನೀರು ಎಂದು ಗಮನಿಸದೆ ಆತನಿಗೂ ಒಂದು ಜಿನ್ ಕೊಂಡೆ. ವಿವರ ತಪ್ಪಿದರೆ ಕಿರಿಯರನ್ನು ಗದರಿಸುತ್ತಿದ್ದ ಹೆಂಗಸು ಎರಡು ತಿಂಗಳು ಪಕ್ಕದವರ ಡಬ್ಬಿಯ ಮೇಲಿನ ಅಕ್ಷರ ಓದಿರಲಿಲ್ಲ.

ಸುರಂಗ ಮುಗಿಯಿತು. ಜೂನ್ ಸಂಜೆಯ ಬೆಳಕು ಒಮ್ಮೆಲೇ ಮೇಜಿನ ಮೇಲೆ ಚೆಲ್ಲಿತು. ನಾನು ಹೆಮ್ಮೆಯಿಂದ ಚೀಲ ಬಿಚ್ಚಿದೆ.

“ಕೀತ್, ಇದು ನಿಮಗೆ.”

“ಬೇಡ ಲವ್. ಥ್ಯಾಂಕ್ಸ್.”

ಇಲ್ಲಿ ನಮ್ಮ ಸೋದರತ್ತೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ದಾವಣಗೆರೆಯ ಅವರ ಮನೆಯಲ್ಲಿ ಮೊದಲ ‘ಬೇಡ’ ಎಂದರೆ ಅತಿಥಿಯ ಸಭ್ಯತೆ, ಎರಡನೆಯ ‘ಬೇಡ’ ಎಂದರೆ ಅತಿಥಿಯ ಸಂಕೋಚ. ಅತಿಥಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಸುರಿಯುವಷ್ಟು ನುರಿತವರು ಅವರು. ಒಂದೇ ಸಲ ಕೇಳಿ ಸುಮ್ಮನಾಗುವವರನ್ನು ಕುರಿತು ‘ಬಾಯಿಮಾತಿಗೆ ಕರೆದರು’ ಎಂದು ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದರು. ಆ ಪಾಠಶಾಲೆಯಲ್ಲಿ ಕಲಿತ ನನಗೆ ಕೀತ್‌ನ ‘ಬೇಡ’ ಬರೀ ಪೀಠಿಕೆಯಂತೆ ಕೇಳಿಸಿತು.

“ತಗೊಳ್ಳಿ, ಇದು ನನ್ನ ಮೊದಲ ಸರದಿ. ನೀವು ಬೇಡ ಅಂದ್ರೆ ಹೇಗೆ?”

“ಇಲ್ಲ, ನಿಜವಾಗಲೂ. ನನ್ನದು ನನ್ನ ಹತ್ತಿರ ಇದೆ.”

ಮೋರೀನಳ ಡಬ್ಬಿ ಇನ್ನೂ ತೆರೆದಿರಲಿಲ್ಲ. ಡೇಲ್ ಕಿಟಕಿಯಾಚೆಯ ಕುರಿಗಳನ್ನು ಜೀವನದಲ್ಲಿ ಮೊದಲ ಸಲ ಕಂಡವನಂತೆ ನೋಡುತ್ತಿದ್ದ. ಹೆಂಗಸಿನ ಕೈಯಿಂದ ಇಸಿದುಕೊಳ್ಳಲು ನಾಚಿಕೆಯೇನೋ ಎಂದುಕೊಂಡೆ. ನಾನೇ ಡಬ್ಬಿಯ ಕಿವಿ ಎತ್ತಿದೆ. ‘ಚುಸ್’ ಎಂದಿತು. ಆತನ ಮುಂದೆ ಇಟ್ಟು, “ತೆರೆದದ್ದೂ ಆಯಿತು. ನನಗೋಸ್ಕರ, ಒಂದೇ ಒಂದು” ಎಂದೆ.

ಕೀತ್‌ನ ಕೈ ಮೇಜಿನ ಮೇಲೆ ಬಂತು. ಬೆರಳುಗಳು ಡಬ್ಬಿಯನ್ನು ಸುತ್ತಿಕೊಂಡವು. ತಣ್ಣಗಿನ ತಗಡಿನ ಮೇಲೆ ಬೆವರಿದ್ದ ಹನಿಗಳು ಆತನ ಬೆರಳುಗಳ ನಡುವಿನಿಂದ ಇಳಿದವು. ಆ ಹಿಡಿತವನ್ನು ನೋಡಿದಾಗ ಏನೋ ತಪ್ಪಾಗಿದೆ ಎಂದು ನನಗೆ ಹೊಳೆಯಿತು. ಡಬ್ಬಿಯನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಆಳದ ಬಾವಿಯ ಹಗ್ಗವನ್ನು ಹಾಗೆ ಹಿಡಿಯುತ್ತಾರೆ. ಎಷ್ಟು ಹೊತ್ತು ಹಿಡಿದಿದ್ದ ಎಂದು ಕೇಳಿದರೆ ಹೇಳಲಾರೆ. ಆಮೇಲೆ ಆತ ಅದನ್ನು ಎತ್ತಲಿಲ್ಲ, ಮೇಜಿನ ಮೇಲೆಯೇ ಜಾರಿಸಿ ಮೋರೀನಳ ಮುಂದೆ ತಳ್ಳಿದ.

“ಬೇಡ” ಎಂದ. ಈ ಸಲ ಥ್ಯಾಂಕ್ಸ್ ಇರಲಿಲ್ಲ, ಲವ್ ಇರಲಿಲ್ಲ.

“ಆತ ಕುಡಿಯೋದಿಲ್ಲ, ಅಷ್ಟೂ ಗೊತ್ತಾಗೋಲ್ವಾ!” ಎಂದು ಡೇಲ್ ಸಿಡಿದ.

“ಬಿಡಪ್ಪಾ, ಅವಳಿಗೆ ಯಾರು ಹೇಳಿದ್ದರು?” ಎಂದ ಕೀತ್. ನಿಮಗೆ ನಾನು ಮೇಲೆ ಹೇಳಿದ್ದನ್ನೆಲ್ಲ, ಲಿಫ್ಟು ಯಾಕೆ ನಿಂತಿತು ಎಂದು ಗಿರಾಕಿಗೆ ವಿವರಿಸುವವನ ದನಿಯಲ್ಲಿ, ಆಗ ನನಗೆ ಹೇಳಿದ. ಮಗಳು, ಮಗು, ಸೋಫಾ, ನಾಳೆ ಬೆಳಗ್ಗೆ ಒಂಬತ್ತು ಗಂಟೆ. ಕ್ಷಮೆ ಕೇಳಲು ಬಾಯಿ ತೆರೆದೆ. ಆತ ಕೈ ಎತ್ತಿ ತಡೆದ.

“ಇನ್ನೊಂದು ಸಲ ಕೇಳು.”

“ಏನು?”

“ಈಗ ಕೇಳಿದೆಯಲ್ಲ, ಹಾಗೇ ಕೇಳು. ತಗೊಳ್ಳಿ ಅನ್ನು.”

“ತಲೆ ಕೆಟ್ಟಿದೆಯಾ ನಿನಗೆ?” ಎಂದಳು ಮೋರೀನ್.

“ಇಲ್ಲಿ ಎಲ್ಲರೂ ಒಳ್ಳೆಯವರು ಮೋರೀನ್. ಒಂದು ಸಲ ಕೇಳ್ತಾರೆ, ಬೇಡ ಅಂದ್ರೆ ಮುಗೀತು. ಹದಿನಾಲ್ಕು ತಿಂಗಳಲ್ಲಿ ಮೂರನೇ ಸಲ ಕೇಳಿದವಳು ಇವಳೊಬ್ಬಳೇ. ನನ್ನ ಹತ್ತಿರ ಮೂರನೆಯ ಬೇಡ ಇದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ನಾಳೆ ಮಧ್ಯಾಹ್ನ ಮಗು ಮಲಗುತ್ತೆ. ಮನೆಯಲ್ಲಿ ನಾನೊಬ್ಬನೇ. ಆಗ ಒಳಗಿಂದ ಒಬ್ಬ ಕೇಳ್ತಾನಲ್ಲ, ಅವನು ಇಂಗ್ಲಿಷರವನಲ್ಲ. ಒಂದು ಸಲಕ್ಕೆ ಬಿಡೋದಿಲ್ಲ.”

ನಾನು ಕೇಳಿದೆ. ಪಾಠ ಒಪ್ಪಿಸುವವಳ ಹಾಗೆ ‘ತಗೊಳ್ಳಿ’ ಎಂದೆ. ಆತ ಬೇಡವೆಂದ. “ಇದೇನು ಕೇಳೋ ರೀತಿ? ಮೊದಲಿನ ಹಾಗೆ ಕೇಳು” ಎಂದು ಗದರಿದ. ಆಗ ನಾನು ಸೋದರತ್ತೆಯನ್ನು ಮೈಮೇಲೆ ಆವಾಹಿಸಿಕೊಂಡೆ. ನೀವು ತೆಗೆದುಕೊಳ್ಳದಿದ್ದರೆ ಮನಸ್ಸಿಗೆ ಬೇಜಾರಾಗುತ್ತದೆ ಎಂದೆ. ಇಷ್ಟು ದೂರದಿಂದ ಹೊತ್ತು ತಂದಿದ್ದೇನೆ ಎಂದೆ. ಒಂದು ಗುಟುಕಿಗೆ ಏನಾಗುತ್ತದೆ, ನಾವೇನು ಹೊರಗಿನವರೇ ಎಂದೆ. “ಒಂದರಿಂದ ಏನೂ ಆಗೋಲ್ಲ ಮಾರಾಯ, ಗಂಡಸಲ್ಲವೇ ನೀನು?” ಎಂದು ಡೇಲ್ ಕೂಡ ಶುರುಮಾಡಿದ. ಕೀತ್ ಪ್ರತಿಯೊಂದಕ್ಕೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ಬೇಡ ಎಂದ. ಒಂದು ‘ಬೇಡ’ಕ್ಕೆ ದನಿ ನಡುಗಿತು. ಇನ್ನೊಂದಕ್ಕೆ ಆತ ನಕ್ಕ. ಒಮ್ಮೆ ಕಣ್ಣು ಡಬ್ಬಿಯ ಕಡೆ ಹೋಗಿ ಅಲ್ಲೇ ನಿಂತಿತು, ಮೋರೀನ್ ಅದರ ಬಾಯಿಗೆ ಅಂಗೈ ಮುಚ್ಚಿದಳು. ಕೈ ತೆಗೆ ಎಂದ, ತೆಗೆದಳು. ವಾಸನೆ ಮೇಜಿನ ತುಂಬ ಹರಡಿತ್ತು. ಬೇಡ ಎಂದ.

ಸ್ಟೇಲಿಬ್ರಿಡ್ಜ್ ಬಂದಾಗ ಮೋರೀನ್ ಆ ತೆರೆದ ಡಬ್ಬಿಯನ್ನೂ ತನ್ನ ತೆರೆಯದ ಡಬ್ಬಿಯನ್ನೂ ಎರಡು ಕೈಯಲ್ಲಿ ಹಿಡಿದು ಎದ್ದಳು. “ಇವೆರಡೂ ನನ್ನ ಜೊತೆ ಬರುತ್ತವೆ. ನೀನು ನಿನ್ನ ಉಸಿರು ಸುಧಾರಿಸಿಕೋ” ಎಂದು ಕೀತ್‌ನ ತಲೆಯ ಮೇಲೆ ಗಲ್ಲವಿಟ್ಟು ಇಳಿದುಹೋದಳು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ವಿದನ್‌ಶಾ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು ಅವರು, ಕುಡಿತ ಏನು ಮಾಡುತ್ತದೆಂದು ದಿನವೂ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಕಾಣುವವರು. “ಏನೇ ನೀನು? ಬೇಡ ಅಂದ್ರೆ ಬೇಡ ಅಂತ ಅರ್ಥ ಇಲ್ಲಿ. ನಿಮ್ಮ ದಾವಣಗೆರೆ ಅತ್ತೇನ ರೈಲಿಗೂ ಕರ್ಕೊಂಡ್ ಹೋಗಿದ್ಯಾ?” ಎಂದು ಬೈದರು. ಮಿಕ್ಕ ಕಥೆಯನ್ನೂ ಕೇಳಿದರು. “ದೊಡ್ಡ ಅಪಾಯ ಕಣೇ, ಹಾಗೆಲ್ಲ ಮಾಡಬಾರದು” ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಆದ್ರೂ… ಎಂಥಾ ಮನುಷ್ಯ!” ಎಂದರು.

ಎಂಥಾ ಮನುಷ್ಯ ಎಂಬುದಕ್ಕಿಂತ ಹೆಚ್ಚಿನದೇನನ್ನೂ ನಾನೂ ಬರೆಯಲಾರೆ. ವಿಧಾನಸೌಧದ ಮೆಟ್ಟಿಲಿನ ಮೇಲೆ ಪ್ರಮಾಣವಚನಗಳನ್ನು ವರದಿ ಮಾಡಿದ್ದೇನೆ, ಉಪವಾಸ ಕೂತವರ ಪಕ್ಕ ನೋಟ್‌ಬುಕ್ ಹಿಡಿದು ಕೂತಿದ್ದೇನೆ. ವೇದಿಕೆಯಿತ್ತು, ಮೈಕಿತ್ತು, ನೋಡುವವರಿದ್ದರು. ಈ ಮನುಷ್ಯ ಪ್ರತಿ ಶುಕ್ರವಾರ ತಾನಾಗಿ ಬಂದು ಮದ್ಯದ ವಾಸನೆಯ ನಡುವೆ ಕೂರುತ್ತಿದ್ದ. “ನನಗಾಗಿ ನೀವು ಬಿಟ್ಟರೆ ನಾನು ಬೇರೆ ಬೋಗಿಗೆ ಹೋಗ್ತೀನಿ” ಎಂದು ಗೆಳೆಯರಿಗೆ ಷರತ್ತು ಹಾಕಿದ್ದನಂತೆ. ಖಾಲಿ ಮನೆಗೆ ಹೋಗುವ ದಾರಿಯಲ್ಲಿ ಮದ್ಯದ ಅಂಗಡಿಗಳಿವೆ, ಈ ಮೇಜಿನಲ್ಲಿ ಜನರಿದ್ದಾರೆ ಎಂಬುದು ಆತನ ಲೆಕ್ಕಾಚಾರ. ಬಯಕೆಯ ಜೊತೆ ಎದುರುಬದುರು ಕೂತು ಅರ್ಧ ಗಂಟೆ ಹರಟೆ ಹೊಡೆದು, ಅದಕ್ಕೆ ನಮಸ್ಕಾರ ಹೇಳಿ ಇಳಿದು ಹೋಗುವುದು. ಬೆಟ್ಟವನ್ನು ಗುದ್ದಲಿಯಿಂದ ಕೊರೆದವರ ಬಗ್ಗೆ ನನಗೆ ಬೆರಗಿದೆ. ಅವರಿಗೆ ಆ ಕಡೆಯ ಬೆಳಕು ಒಂದು ದಿನ ಕಂಡಿತು, ಕೆಲಸ ಮುಗಿಯಿತು. ಈತನದು ಪ್ರತಿ ವಾರ ಹೊಸದಾಗಿ ಕೊರೆಯುವ ಬೆಟ್ಟ.

ಶನಿವಾರ ಒಂಬತ್ತಕ್ಕೆ ಗಡಿಯಾರ ನೋಡಿದೆ. ಮಧ್ಯಾಹ್ನ, ಮಕ್ಕಳು ಮಲಗುವ ಹೊತ್ತಿಗೆ, ಮತ್ತೆ ನೋಡಿದೆ. ದೃಢಪಡದ ಸುದ್ದಿಯನ್ನು ಇಟ್ಟುಕೊಂಡು ಕೂರುವ ಹಿಂಸೆ ಡೆಸ್ಕಿನವರಿಗೆ ಗೊತ್ತು. ಒಂದು ಫೋನು ಮಾಡಿದ್ದರೆ ತಿಳಿಯುತ್ತಿತ್ತು. ಆದರೆ ಕೇಳದೇ ಇರುವುದೂ ಆದರವೇ ಎಂದು ಮೋರೀನ್, ಡೇಲ್ ಇಬ್ಬರಿಂದ ಅಷ್ಟು ಹೊತ್ತಿಗೆ ಕಲಿತಿದ್ದೆ.

ಮುಂದಿನ ಶುಕ್ರವಾರ ನಾವು ಮೂವರೂ ಮೊದಲೇ ಬಂದು ಕೂತಿದ್ದೆವು. ಕೀತ್ ಬರಲಿಲ್ಲ. ಡೇಲ್ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದ. ಬಾಗಿಲು ಮುಚ್ಚುವ ಸೀಟಿ ಕೇಳಿಸಿದ ಮೇಲೆ ಆತ ಏದುಸಿರು ಬಿಡುತ್ತ ಪಕ್ಕದ ಬೋಗಿಯಿಂದ ನಡೆದುಬಂದ. ಯಾರೂ ಏನೂ ಕೇಳಲಿಲ್ಲ. ಹಡರ್ಸ್‌ಫೀಲ್ಡ್ ಬಂತು, ಗುಡ್ಡ ಬಂತು, ಕತ್ತಲೆ ಬಂತು, ಬೆಳಕಾಯಿತು. ಕೀತ್ ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಆರು ಪುಟ್ಟ ಕೇಕುಗಳು, ಒಂದೂ ನೆಟ್ಟಗಿರಲಿಲ್ಲ.

“ನಿನ್ನೆ ಮಗುವಿನ ಅಮ್ಮನದು ಮತ್ತೆ ಹಗಲು ಪಾಳಿ, ನಾನು ರಜೆ ಹಾಕಿದ್ದೆ. ನಾನೂ ಮಗುವೂ ಸೇರಿ ಮಾಡಿದ್ದು. ತಗೋ” ಎಂದು ನನ್ನ ಮುಂದೆ ಹಿಡಿದ.

ಈಗಷ್ಟೇ ತಿಂದೆ, ಬೇಡ ಎಂದೆ, ಅಭ್ಯಾಸಬಲದಿಂದ. ಆತ ಡಬ್ಬ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. “ತಗೋ ಅಂದೆ.” ಅಯ್ಯೋ, ಬೇಡ ಎಂದೆ. ಆತ ಡಬ್ಬವನ್ನು ನನ್ನ ಫ್ಲಾಸ್ಕಿಗೆ ತಾಗುವವರೆಗೆ ಒತ್ತಿ, ಬೇಜಾರು ಮಾಡಿಕೊಂಡವನ ಮುಖ ಮಾಡಿ, “ನಾವೇನು ಹೊರಗಿನವರೇ?” ಎಂದ.

ಬಗ್ಗಿ ನೋಡಿದೆ. ಮೂಲೆಯಲ್ಲಿದ್ದ ಒಂದರ ಗುಲಾಬಿ ಐಸಿಂಗಿನ ನಟ್ಟನಡುವೆ ಯಾರೋ ಬೆರಳದ್ದಿ ನೆಕ್ಕಿದ ಗುಳಿಯಿತ್ತು. ನನ್ನ ಕಿರುಬೆರಳೂ ಹಿಡಿಸದಷ್ಟು ಸಣ್ಣ ಗುಳಿ. ಅದನ್ನೇ ಆರಿಸಿಕೊಂಡೆ.